6/6 ಓದಿದರೆ ಸಾಕೇ? ಕಣ್ಣು ನಿಜಕ್ಕೂ ಎಮೆಟ್ರೋಪಿಕ್ ಹೌದೋ ಅಲ್ಲವೋ ನೋಡುವ ಕ್ರಮ

ದೂರದಿಂದ ಬರುವ ಬೆಳಕು, ಕಣ್ಣು ಯಾವ ಶ್ರಮವನ್ನೂ ಪಡದಿರುವಾಗ, ಸರಿಯಾಗಿ ರೆಟಿನಾದ (ಕಣ್ಣಿನ ಹಿಂಗೋಡೆಯ ಪದರದ) ಮೇಲೆಯೇ ಕೂಡಿದರೆ ಆ ಸ್ಥಿತಿಗೆ ಎಮೆಟ್ರೋಪಿಯಾ ಎನ್ನುತ್ತಾರೆ. ಪವರ್ ಸೊನ್ನೆ, ಕನ್ನಡಕ ಬೇಡ. ಇದರಲ್ಲಿ ಹೆಚ್ಚಿನವರು ಮರೆಯುವುದು ಶ್ರಮದ ವಿಚಾರವನ್ನು. +2.00 ಪವರ್ (ಪ್ಲಸ್ ಎಂದರೆ ದೂರದೃಷ್ಟಿ ದೋಷ) ಇರುವ ಎಂಟು ವರ್ಷದ ಮಗು ಕೂಡ 6/6 ಸಾಲನ್ನು, ಅಂದರೆ ಮಾಮೂಲಿ ಕಣ್ಣು 6 ಮೀಟರಿನಿಂದ ಓದಬಲ್ಲ ಸಾಲನ್ನು, ತಡವರಿಸದೆ ಓದಿಬಿಡುತ್ತದೆ. ಕಣ್ಣೊಳಗಿನ ಮಸೂರ ಉಬ್ಬಿಕೊಂಡು ಆ ಎರಡು ಡಯಾಪ್ಟರ್ (ಪವರಿನ ಅಳತೆ) ಕೊರತೆಯನ್ನು ತುಂಬಿಕೊಡುವುದರಿಂದ ಇದು ಸಾಧ್ಯ. ಬೆಳಗಿನಿಂದ ರಾತ್ರಿವರೆಗೂ ಅದು ಹೀಗೆ ತುಂಬಿಕೊಡುತ್ತಲೇ ಇರಬೇಕು, ಪುಸ್ತಕ ಹಿಡಿದರೆ ಇನ್ನೂ ಹೆಚ್ಚು ಉಬ್ಬಬೇಕು. ಸಂಜೆಯ ತಲೆನೋವು, ಓದಿನಲ್ಲಿ ಬೇಸರ, ಕೆಲವು ಮಕ್ಕಳಲ್ಲಿ ಮೂಗಿನ ಕಡೆಗೆ ವಾಲುವ ಮೆಳ್ಳಗಣ್ಣು, ಎಲ್ಲಕ್ಕೂ ಇದು ಕಾರಣ ಆಗಬಹುದು. ಆದರೆ ಶಾಲೆಯ ತಪಾಸಣೆಯ ಚೀಟಿಯಲ್ಲಿ ಬರೆದಿರುವುದು ‘ನಾರ್ಮಲ್’ ಎಂದು.

ಹಾಗಾಗಿ ಒಂದು ಚಾರ್ಟ್ ಸಾಲದು. ಚಾರ್ಟ್, ಸೂಜಿರಂಧ್ರ, ಪ್ಲಸ್ ಗಾಜು, ಗಡಿಯಾರದ ಗೆರೆಗಳು ಈ ನಾಲ್ಕನ್ನು ಮನೆಯಲ್ಲೋ ಶಾಲೆಯಲ್ಲೋ ಮಾಡಬಹುದು. ಐದನೆಯದು, ಮಸೂರ ಉಬ್ಬದಂತೆ ತಡೆಯುವ ಡ್ರಾಪ್ಸ್ ಹಾಕಿ ನೋಡುವುದು, ಆಸ್ಪತ್ರೆಯ ಕೆಲಸ. ಕೊನೆಯ ತೀರ್ಪು ಅಲ್ಲೇ ಸಿಗುವುದು. ಮೊದಲ ನಾಲ್ಕರಿಂದ ತಿಳಿಯುವುದು ಯಾರನ್ನು ಬೇಗ ಕಳುಹಿಸಬೇಕು ಎಂಬುದು.

ಕಣ್ಣಿನ ಲೆಕ್ಕ

ದೊಡ್ಡವರ ಕಣ್ಣುಗುಡ್ಡೆ ಮುಂದಿನಿಂದ ಹಿಂದಕ್ಕೆ 23.5 ರಿಂದ 24 ಮಿ.ಮೀ. ಇರುತ್ತದೆ. ಕಾರ್ನಿಯಾ (ಕಣ್ಣಿನ ಮುಂದಿನ ಪಾರದರ್ಶಕ ಪದರ) ಸುಮಾರು 43 ಡಯಾಪ್ಟರ್ ಬೆಳಕನ್ನು ಬಾಗಿಸುತ್ತದೆ, ಉಳಿದದ್ದು ಒಳಗಿನ ಮಸೂರದ ಪಾಲು, ಒಟ್ಟು ಸುಮಾರು 60. ಗುಡ್ಡೆಯ ಉದ್ದ 1 ಮಿ.ಮೀ. ಹೆಚ್ಚು ಕಡಿಮೆಯಾದರೆ ಪವರ್ ಎರಡೂವರೆಯಿಂದ ಮೂರು ಡಯಾಪ್ಟರ್ ಬದಲಾಗುತ್ತದೆ. ಹಾಗೆಂದು ಎಲ್ಲರಿಗೂ ಒಂದೇ ‘ಸರಿಯಾದ ಉದ್ದ’ ಇಲ್ಲ. 22.5 ಮಿ.ಮೀ. ಕಣ್ಣಿಗೆ ಕಡಿದಾದ ಕಾರ್ನಿಯಾ ಇದ್ದರೆ ಅದೂ ಎಮೆಟ್ರೋಪಿಕ್ಕೇ. ಉದ್ದಕ್ಕೂ ಬಾಗಿಸುವ ಶಕ್ತಿಗೂ ಹೊಂದಿಕೆ ಆಗಿರಬೇಕು, ಅಷ್ಟೆ.

ಈ ಹೊಂದಿಕೆ ಹುಟ್ಟಿನಿಂದ ಬರುವುದಿಲ್ಲ. ಹುಟ್ಟಿದ ಮಗುವಿನ ಕಣ್ಣು ಸುಮಾರು 17 ಮಿ.ಮೀ., ಪವರ್ ಸಾಮಾನ್ಯವಾಗಿ +2 ರ ಆಸುಪಾಸು. ಗುಡ್ಡೆ ಬೆಳೆದಂತೆ ಮಸೂರ ತೆಳ್ಳಗಾಗಿ, ಕಾರ್ನಿಯಾ ಚಪ್ಪಟೆಯಾಗಿ, ಮೊದಲ ಎರಡು ವರ್ಷಗಳಲ್ಲಿ ಹೆಚ್ಚಿನ ಹೊಂದಾಣಿಕೆ ನಡೆಯುತ್ತದೆ. ಆರು ವರ್ಷದ ಮಗುವಿಗೆ ಸ್ವಲ್ಪ ಪ್ಲಸ್ ಉಳಿದಿರುವುದೇ ಆರೋಗ್ಯದ ಲಕ್ಷಣ. ಈ ಮಾತಿಗೆ ಮುಂದೆ ಮತ್ತೆ ಬರಬೇಕಾಗುತ್ತದೆ, ಏಕೆಂದರೆ ಸೊನ್ನೆ ಬಂತೆಂದು ತಂದೆ ತಾಯಿ ನಿರಾಳವಾಗುವುದು ಇಲ್ಲೇ.

ಚಾರ್ಟ್: ಅಳತೆ ತಪ್ಪಿದರೆ ಎಲ್ಲವೂ ತಪ್ಪು

ನೆದರ್ಲೆಂಡ್ಸಿನ ಉಟ್ರೆಕ್ಟ್‌ನಲ್ಲಿ ಹರ್ಮನ್ ಸ್ನೆಲೆನ್ 1862ರಲ್ಲಿ ಹೊರತಂದ ಚಾರ್ಟಿನ ನಿಯಮವೇ ಇಂದಿಗೂ ನಡೆಯುತ್ತಿದೆ. 6/6 ಸಾಲಿನ ಅಕ್ಷರ 6 ಮೀಟರ್ ದೂರದ ಕಣ್ಣಿಗೆ 5 ಕಲೆಗಳಷ್ಟು ಕೋನ ಮಾಡಬೇಕು (60 ಕಲೆ ಸೇರಿದರೆ ಒಂದು ಡಿಗ್ರಿ), ಅಕ್ಷರದ ಪ್ರತಿ ಗೆರೆ 1 ಕಲೆ. ಇದನ್ನು ಸ್ಕೇಲಿಗೆ ಇಳಿಸಿದರೆ 6 ಮೀಟರಿಗೆ ಅಕ್ಷರದ ಎತ್ತರ 8.7 ಮಿ.ಮೀ., ಗೆರೆಯ ದಪ್ಪ ಸುಮಾರು 1.75 ಮಿ.ಮೀ. ಅದೇ ದೂರಕ್ಕೆ 6/9 ಸಾಲು 13.1 ಮಿ.ಮೀ., 6/12 ಸಾಲು 17.5, 6/18 ಸಾಲು 26.2, ಮೇಲಿನ 6/60 ಅಕ್ಷರ 87 ಮಿ.ಮೀ. ಕೋಣೆ ಚಿಕ್ಕದಾಗಿದ್ದರೆ 3 ಮೀಟರಿಗೆ ಎಲ್ಲವನ್ನೂ ಅರ್ಧ ಮಾಡಿ. ಆಗ 6/6 ಅಕ್ಷರ 4.4 ಮಿ.ಮೀ.

ಇಂಟರ್ನೆಟ್ಟಿನಿಂದ ಇಳಿಸಿ ಪ್ರಿಂಟ್ ಹಾಕುವಾಗ ಆಗುವ ಅನಾಹುತ ಏನೆಂದರೆ, ಪ್ರಿಂಟರ್ ಹಾಳೆಗೆ ಹೊಂದಿಸಲೆಂದು ತಾನಾಗಿಯೇ ಅಕ್ಷರಗಳನ್ನು ಕುಗ್ಗಿಸುತ್ತದೆ. ‘ಫಿಟ್ ಟು ಪೇಜ್’ ತೆಗೆದು 100 ಪರ್ಸೆಂಟ್‌ಗೆ ಇಡಿ. ಪ್ರಿಂಟ್ ಬಂದ ಮೇಲೆ ಮೇಲಿನ ದೊಡ್ಡ ಅಕ್ಷರವನ್ನು ಸ್ಕೇಲಿನಿಂದ ಅಳೆಯಿರಿ, ಅಲ್ಲಿ ಸರಿ ಇದ್ದರೆ ಕೆಳಗಿನದೂ ಸರಿ. ಮೊಬೈಲ್ ಪರದೆಯಲ್ಲಿ ತೋರಿಸುವ ಚಾರ್ಟನ್ನು ಹೀಗೆ ಅಳೆಯದೆ ಯಾವತ್ತೂ ನಂಬಬೇಡಿ.

ಯಾವ ಚಾರ್ಟ್ ಬಳಸಬೇಕು? ಮಕ್ಕಳಿಗೆ ‘ಇ’ ಚಾರ್ಟ್ ಒಳ್ಳೆಯದು. ಇಂಗ್ಲಿಷಿನ ಇ ಅಕ್ಷರದ ಮೂರು ಕಾಲು ಮೇಲಕ್ಕೆ, ಕೆಳಕ್ಕೆ, ಎಡಕ್ಕೆ, ಬಲಕ್ಕೆ ತಿರುಗಿರುತ್ತವೆ, ಮಗು ಮೂರು ಬೆರಳು ಬಿಡಿಸಿ ಅದೇ ದಿಕ್ಕಿಗೆ ತೋರಿಸಿದರೆ ಮುಗಿಯಿತು. ಓದು ಬಾರದ ಹಿರಿಯರಿಗೂ ಇದೇ ಅನುಕೂಲ. ಕನ್ನಡ ಅಕ್ಷರಗಳ ಚಾರ್ಟ್ ಆಸ್ಪತ್ರೆಗಳಲ್ಲಿ ಇದ್ದೇ ಇರುತ್ತದೆ, ಆದರೆ ನಮ್ಮ ಅಕ್ಷರಗಳೆಲ್ಲ ಸಮಾನ ಕಷ್ಟದವಲ್ಲ. ‘ಗ’ವನ್ನು ಮಸುಕಾಗಿ ಕಂಡರೂ ಊಹಿಸಬಹುದು. ‘ಠ’ವನ್ನು ಗುರುತಿಸಲು ಒಳಗಿನ ಒಂದು ಚುಕ್ಕೆ ಕಾಣಲೇಬೇಕು. ಹಾಗಾಗಿ ಮನೆಯಲ್ಲಿ ಮಾಡುವವರು ‘ಇ’ಗೇ ಅಂಟಿಕೊಳ್ಳುವುದು ಕ್ಷೇಮ.

ಚಾರ್ಟನ್ನು ಮಗು ಕೂತಾಗಿನ ಕಣ್ಣಿನ ಮಟ್ಟಕ್ಕೆ ಗೋಡೆಗೆ ಅಂಟಿಸಿ. ಅದರ ಮೇಲೆ ಟ್ಯೂಬ್‌ಲೈಟಿನ ಬೆಳಕು ಸಮನಾಗಿ ಬೀಳಬೇಕು, ಹಿಂದೆಯಾಗಲಿ ಪಕ್ಕದಲ್ಲಾಗಲಿ ಕಿಟಕಿ ಇರಬಾರದು. ದೂರವನ್ನು ಟೇಪಿನಿಂದ ಅಳೆಯಿರಿ, ಹೆಜ್ಜೆಯಿಂದಲ್ಲ, ಮತ್ತು ಅಳೆಯುವುದು ಮಗುವಿನ ಕಣ್ಣಿನಿಂದ ಚಾರ್ಟಿಗೆ. 6 ಮೀಟರ್ ಎಂದುಕೊಂಡು 5 ಮೀಟರಿನಲ್ಲಿ ನಿಲ್ಲಿಸಿದರೆ ಅಕ್ಷರಗಳು ಕಣ್ಣಿಗೆ 20 ಪರ್ಸೆಂಟ್ ದೊಡ್ಡದಾಗಿ ಕಾಣುತ್ತವೆ. ಸಣ್ಣ ಮೈನಸ್ (ಸಮೀಪದೃಷ್ಟಿ) ಇರುವ ಮಕ್ಕಳು ತಪಾಸಣೆಯಲ್ಲಿ ಜಾರಿಹೋಗಲು ಇಷ್ಟೇ ಸಾಕು.

ಮೊದಲು ಬಲಗಣ್ಣು, ಆಮೇಲೆ ಎಡಗಣ್ಣು. ಎರಡೂ ಕಣ್ಣು ತೆರೆದು ಪರೀಕ್ಷಿಸಿದ್ದು ಪರೀಕ್ಷೆಯೇ ಅಲ್ಲ. ಒಂದು ಕಣ್ಣು ಪೂರ್ತಿ ಮಂದವಾಗಿದ್ದರೂ ಮಗು ಇನ್ನೊಂದರಿಂದ ಎಲ್ಲವನ್ನೂ ಓದುತ್ತದೆ, ಮನೆಯವರಿಗೆ ವರ್ಷಗಟ್ಟಲೆ ಗೊತ್ತೇ ಆಗುವುದಿಲ್ಲ. ಮುಚ್ಚುವಾಗ ಬೆರಳು ಬೇಡ, ಸಂದಿನಿಂದ ಇಣುಕುತ್ತಾರೆ. ಅಂಗೈಯನ್ನು ಬಟ್ಟಲು ಮಾಡಿ ಒತ್ತದೆ ಮುಚ್ಚಲಿ, ಒತ್ತಿದ ಕಣ್ಣು ಆಮೇಲೆ ಕೆಲ ಹೊತ್ತು ಮಂಜಾಗಿರುತ್ತದೆ. ತಲೆ ಓರೆ ಮಾಡಲು ಬಿಡಬೇಡಿ. ಎಲ್ಲಕ್ಕಿಂತ ಹೆಚ್ಚಾಗಿ ಕಣ್ಣು ಕಿರಿದು ಮಾಡಲು ಬಿಡಬೇಡಿ. ರೆಪ್ಪೆಗಳ ನಡುವಿನ ಸಣ್ಣ ಸಂದು ಬೆಳಕಿನ ಹರಡುವಿಕೆಯನ್ನು ಕತ್ತರಿಸುವುದರಿಂದ −1.00 ಇರುವ ಮಗು ಒಂದೆರಡು ಸಾಲು ಹೆಚ್ಚಿಗೆ ಓದಿಬಿಡುತ್ತದೆ. ಸಾಲಾಗಿ ಕೂತು ಕಾಯುವ ಮಕ್ಕಳು ಚಾರ್ಟನ್ನು ಬಾಯಿಪಾಠ ಮಾಡಿರುತ್ತಾರೆ, ಆದ್ದರಿಂದ ಎಡಗಣ್ಣಿಗೆ ಬಂದಾಗ ಸಾಲನ್ನು ಹಿಂದಿನಿಂದ ಕೇಳಿ ಅಥವಾ ಹಾಳೆ ತಿರುಗಿಸಿ.

ಒಂದು ಸಾಲಿನಲ್ಲಿ ಅರ್ಧಕ್ಕಿಂತ ಹೆಚ್ಚು ಸರಿ ಹೇಳಿದರೆ ಆ ಸಾಲು ದಾಟಿದಂತೆ. ಮೂರು ವರ್ಷದವರಿಗೆ 6/15, ನಾಲ್ಕು ವರ್ಷಕ್ಕೆ 6/12, ಐದು ತುಂಬಿದ ಮೇಲೆ 6/9 ಕನಿಷ್ಠ. ಅದಕ್ಕಿಂತ ಕೆಳಗಿದ್ದರೆ, ಇಲ್ಲವೇ ಎರಡು ಕಣ್ಣುಗಳ ನಡುವೆ ಎರಡು ಸಾಲಿನ ವ್ಯತ್ಯಾಸ ಇದ್ದರೆ, ಡಾಕ್ಟರಿಗೆ ತೋರಿಸಬೇಕು.

ಸೂಜಿರಂಧ್ರ

6/6 ಓದಲಾಗದವರಿಗೆ ಮಾತ್ರ ಇದು. ದಪ್ಪ ಕಪ್ಪು ರಟ್ಟಿನಲ್ಲಿ 1.2 ಮಿ.ಮೀ. ಅಗಲದ ತೂತು ಮಾಡಿ, ಅಂಚಿನ ನಾರು ತೆಗೆದು ನುಣುಪು ಮಾಡಿ. 1 ಮಿ.ಮೀ.ಗಿಂತ ಕಿರಿದಾದರೆ ಬೆಳಕು ಚದುರಿ ಬಿಂಬವೇ ಕೆಡುತ್ತದೆ, 2 ಮಿ.ಮೀ. ದಾಟಿದರೆ ತೂತು ಇದ್ದೂ ಇಲ್ಲದಂತೆ. ಚಿಕ್ಕ ಮಕ್ಕಳಿಗೆ ಒಂದೇ ತೂತು ಹುಡುಕುವುದು ಕಷ್ಟ, ಮೂರು ನಾಲ್ಕು ಮಿ.ಮೀ. ಅಂತರದಲ್ಲಿ ಏಳೆಂಟು ತೂತು ಮಾಡಿಕೊಡಿ.

ರಟ್ಟಿನ ಮೂಲಕ 6/18 ಇದ್ದದ್ದು 6/9 ಅಥವಾ 6/6 ಆದರೆ ಕೊರತೆ ಪವರಿನದು, ಕನ್ನಡಕದಿಂದ ಸರಿಹೋಗುವಂಥದ್ದು. ಏನೂ ಬದಲಾಗದಿದ್ದರೆ ಸೋಮಾರಿ ಕಣ್ಣೋ (ಕನ್ನಡಕ ಹಾಕಿದರೂ ದೃಷ್ಟಿ ಪೂರ್ತಿ ಬಾರದ ಕಣ್ಣು), ರೆಟಿನಾದ ತೊಂದರೆಯೋ, ಪೊರೆಯೋ ಇರಬಹುದು. ಇನ್ನೂ ಮಂಜಾದರೆ ಪಾಪೆಯ ನಟ್ಟನಡುವೆ ಪೊರೆ ಅಥವಾ ರೆಟಿನಾದ ನಡುಭಾಗದ ರೋಗದ ಅನುಮಾನ. ಈ ಇಬ್ಬರೂ ಕನ್ನಡಕದ ಅಂಗಡಿಗೆ ಹೋಗಿ ಪ್ರಯೋಜನವಿಲ್ಲ, ನೇರ ಕಣ್ಣಾಸ್ಪತ್ರೆಗೆ ಹೋಗಬೇಕು.

ಪ್ಲಸ್ ಗಾಜು: ಎಲ್ಲರೂ ಬಿಡುವ ಪರೀಕ್ಷೆ

ಚಾರ್ಟಿನಲ್ಲಿ 6/6 ಬಂದವರಿಗೇ ಇದು ಬೇಕು, ಮತ್ತು ಇದನ್ನು ಮಾಡದ ಶಾಲಾ ತಪಾಸಣೆ ಅರ್ಧ ತಪಾಸಣೆ ಎಂದೇ ನಮ್ಮ ಅಭಿಪ್ರಾಯ. ಖರ್ಚು ಒಂದು ರೆಡಿಮೇಡ್ ಓದುವ ಕನ್ನಡಕದ್ದು, ಪವರ್ +1.50.

ಒಂದು ಕಣ್ಣು ಮುಚ್ಚಿಸಿ. ಇನ್ನೊಂದರ ಮುಂದೆ ಗಾಜಿನ ನಡುಭಾಗ ಪಾಪೆಗೆ ನೇರವಾಗುವಂತೆ ಹಿಡಿಯಿರಿ. ದೊಡ್ಡವರ ಫ್ರೇಮನ್ನು ಮಗುವಿನ ಮೂಗಿಗೆ ಏರಿಸಿದರೆ ಗಾಜಿನ ಕೇಂದ್ರ ಪಕ್ಕಕ್ಕೆ ಹೋಗಿರುತ್ತದೆ, ಕೈಯಲ್ಲಿ ಹಿಡಿಯುವುದೇ ವಾಸಿ. ತಕ್ಷಣ ಓದಿಸಬೇಡಿ. ಒಂದು ನಿಮಿಷ ದೂರಕ್ಕೆ ನೋಡುತ್ತಿರಲಿ, ಉಬ್ಬಿರುವ ಮಸೂರ ಸಡಿಲಗೊಳ್ಳಲು ಸಮಯ ಬೇಕು. ಆಮೇಲೆ ದೊಡ್ಡ ಅಕ್ಷರದಿಂದ ಇಳಿಯುತ್ತಾ ಬನ್ನಿ.

ಎಮೆಟ್ರೋಪಿಕ್ ಕಣ್ಣಿಗೆ +1.50 ಹಿಡಿದರೆ ಅದು ಆ ಹೊತ್ತಿಗೆ −1.50 ಇರುವ ಸಮೀಪದೃಷ್ಟಿಯ ಕಣ್ಣಿನಂತಾಗುತ್ತದೆ. ಆದ್ದರಿಂದ ಮಸುಕಾಗಲೇಬೇಕು, 6/18 ಅಥವಾ ಅದಕ್ಕಿಂತ ಮೇಲಿನ ಸಾಲಿನಲ್ಲೇ ನಿಲ್ಲಬೇಕು. ಗಾಜಿನ ಮೂಲಕವೂ ಮಗು 6/6, 6/9 ಆರಾಮವಾಗಿ ಓದಿದರೆ ಆ ಪ್ಲಸ್ ಅದರ ಕಣ್ಣಿಗೆ ಬೇಕಾಗಿತ್ತು ಎಂದರ್ಥ. ಅಂದರೆ ಅಡಗಿದ ದೂರದೃಷ್ಟಿ ದೋಷ. ‘ಈಗ ಇನ್ನೂ ಚೆನ್ನಾಗಿ ಕಾಣುತ್ತೆ’ ಎಂದು ಮಗುವೇ ಹೇಳಿದರೆ ಕಾಯಬೇಡಿ, ಆಸ್ಪತ್ರೆಗೆ ಕರೆದೊಯ್ಯಿರಿ.

ಇದಕ್ಕೂ ಮಿತಿ ಇದೆ. ಕೆಲವು ಮಕ್ಕಳಲ್ಲಿ ಮಸೂರವನ್ನು ಉಬ್ಬಿಸುವ ಸಿಲಿಯರಿ ಸ್ನಾಯು ಬಿಗಿ ಹಿಡಿದುಬಿಟ್ಟಿರುತ್ತದೆ, ಗಾಜು ಹಿಡಿದರೂ ಸಡಿಲ ಬಿಡದು. ಮಸುಕಾಯಿತು ಎಂದು ನೀವು ಪಾಸ್ ಮಾಡುತ್ತೀರಿ, ದೋಷ ಒಳಗೇ ಉಳಿಯುತ್ತದೆ. ತಲೆನೋವಿನ ದೂರು ಇದ್ದರೆ, ಕಣ್ಣು ವಾಲುತ್ತಿದ್ದರೆ, ಈ ಪರೀಕ್ಷೆಯಲ್ಲಿ ಪಾಸಾದರೂ ಡ್ರಾಪ್ಸ್ ಹಾಕಿ ನೋಡಿಸಬೇಕು.

ಗಡಿಯಾರದ ಗೆರೆಗಳು

ಹಾಳೆಯ ಮೇಲೆ ಗಡಿಯಾರದ 12 ಅಂಕಿಗಳ ಕಡೆಗೆ ಮಧ್ಯದಿಂದ ಸಮ ದಪ್ಪದ ಗೆರೆಗಳನ್ನೆಳೆದು, ಒಂದೊಂದೇ ಕಣ್ಣಿನಿಂದ ನೋಡಿಸಿ. ಎಲ್ಲ ಗೆರೆಯೂ ಒಂದೇ ಕಪ್ಪಗೆ ಕಂಡರೆ ಸರಿ. 12–6 ದಟ್ಟ, 3–9 ಮಸುಕು ಎಂಬಂತೆ ಹೇಳಿದರೆ ಹಾಳೆಯನ್ನು ಕಾಲು ಸುತ್ತು ತಿರುಗಿಸಿ. ಹಾಳೆ ತಿರುಗಿದರೂ ನೆಟ್ಟಗಿನ ಗೆರೆಯೇ ದಟ್ಟವಾಗಿ ಕಂಡರೆ ದೋಷ ಕಣ್ಣಿನದು, ಪ್ರಿಂಟಿನದಲ್ಲ. ಅದು ಅಸ್ಟಿಗ್ಮಾಟಿಸಂ, ಅಂದರೆ ಕಣ್ಣಿನ ಪವರ್ ಎಲ್ಲ ದಿಕ್ಕಿಗೂ ಒಂದೇ ಇಲ್ಲ.

ಆಸ್ಪತ್ರೆಯಲ್ಲಿ ಏನು ಕೇಳಬೇಕು

ಕಂಪ್ಯೂಟರ್ ಟೆಸ್ಟ್ ಎಂದು ಎಲ್ಲರೂ ಕರೆಯುವ ಯಂತ್ರದಲ್ಲಿ ಗಲ್ಲ ಇಟ್ಟು ಒಳಗಿನ ಚಿತ್ರ ನೋಡಿದೊಡನೆ ಒಂದು ಚೀಟಿ ಬರುತ್ತದೆ. ದೊಡ್ಡವರಿಗೆ ಅದು ಒಳ್ಳೆಯ ಆರಂಭ. ಮಕ್ಕಳಿಗೆ ಡ್ರಾಪ್ಸ್ ಹಾಕದೆ ಬಂದ ಚೀಟಿಯನ್ನು ನೆಚ್ಚಿ ಕನ್ನಡಕ ಮಾಡಿಸಬಾರದು. ಚಿತ್ರ ಹತ್ತಿರ ಇದೆಯೆಂದು ಮಗುವಿನ ಕಣ್ಣಿನ ಮಸೂರ ಉಬ್ಬಿಕೊಳ್ಳುತ್ತದೆ, ಯಂತ್ರ −0.75 ಎಂದು ಬರೆಯುತ್ತದೆ. ಸ್ನಾಯು ಸಡಿಲಿಸಿ ನೋಡಿದರೆ ಅದೇ ಕಣ್ಣು +0.50 ಇರಬಹುದು. ಮೈನಸ್ ಕನ್ನಡಕ ಹಾಕಿಸಿದರೆ ಇಲ್ಲದ ಕೆಲಸವನ್ನು ಕಣ್ಣಿನ ಮೇಲೆ ಹೇರಿದ ಹಾಗೆ.

ಸಾಮಾನ್ಯವಾಗಿ ಹಾಕುವುದು ಸೈಕ್ಲೋಪೆಂಟೋಲೇಟ್ 1 ಪರ್ಸೆಂಟ್: ಒಂದು ಹನಿ, ಐದು ಹತ್ತು ನಿಮಿಷ ಬಿಟ್ಟು ಇನ್ನೊಂದು, ಅಲ್ಲಿಂದ 30–45 ನಿಮಿಷಕ್ಕೆ ಪರೀಕ್ಷೆ. ಪ್ರಭಾವ ಒಂದು ದಿನದೊಳಗೆ ಇಳಿಯುತ್ತದೆ. ತೀರಾ ಚಿಕ್ಕವರಿಗೆ ಅಥವಾ ಮೆಳ್ಳಗಣ್ಣು ಇದ್ದರೆ ಅಟ್ರೋಪಿನ್ 1 ಪರ್ಸೆಂಟ್ ಆಯಿಂಟ್ಮೆಂಟ್ ಬರೆದುಕೊಟ್ಟು ಮೂರು ದಿನ ಮನೆಯಲ್ಲಿ ಹಚ್ಚಿಸಿ ಕರೆಸುತ್ತಾರೆ, ಅದರ ಪ್ರಭಾವ ಹತ್ತು ಹದಿನಾಲ್ಕು ದಿನ ಉಳಿಯುತ್ತದೆ. ಶಾಲೆಯ ಪರೀಕ್ಷೆಯ ವಾರದಲ್ಲಿ ಇದನ್ನು ಇಟ್ಟುಕೊಳ್ಳಬೇಡಿ, ಪುಸ್ತಕ ಕಾಣುವುದಿಲ್ಲ. ಹಚ್ಚಿದ ಮೇಲೆ ಮೂಗಿನ ಪಕ್ಕದ ಕಣ್ಣಿನ ಮೂಲೆಯನ್ನು ಒಂದೆರಡು ನಿಮಿಷ ಮೆಲ್ಲನೆ ಒತ್ತಿಹಿಡಿದರೆ ಔಷಧ ಗಂಟಲಿಗಿಳಿದು ರಕ್ತ ಸೇರುವುದು ತಗ್ಗುತ್ತದೆ. ನಿಮ್ಮ ಕೈಯನ್ನು ಸೋಪಿನಿಂದ ತೊಳೆಯಿರಿ, ಅದೇ ಕೈಯಲ್ಲಿ ಕಣ್ಣುಜ್ಜಿದರೆ ನಿಮ್ಮ ಪಾಪೆಯೂ ಹಿಗ್ಗುತ್ತದೆ. ಮುಖ ಕೆಂಪೇರಿ ಮೈ ಬಿಸಿಯಾದರೆ, ಮಗು ಚಡಪಡಿಸಿದರೆ, ಎದೆಬಡಿತ ಜೋರಾದರೆ ಮುಂದಿನ ಡೋಸ್ ನಿಲ್ಲಿಸಿ ತಕ್ಷಣ ಡಾಕ್ಟರಿಗೆ ಹೇಳಿ. ಡಾಕ್ಟರು ಬರೆಯದೆ ಈ ಔಷಧಗಳನ್ನು ಮುಟ್ಟಲೇಬಾರದು.

ಆಮೇಲೆ ಮಬ್ಬು ಕೋಣೆಯಲ್ಲಿ ರೆಟಿನೋಸ್ಕೋಪ್ ಎಂಬ ಬೆಳಕಿನ ಪಟ್ಟಿ ಆಡಿಸಿ, ಪಾಪೆಯೊಳಗಿನ ಕೆಂಬಣ್ಣದ ಹೊಳಪು ಯಾವ ಕಡೆಗೆ ಸರಿಯುತ್ತದೆಂದು ನೋಡುತ್ತಾರೆ. ಪಟ್ಟಿ ಹೋದತ್ತಲೇ ಹೊಳಪು ಹೋದರೆ ಪ್ಲಸ್ ಗಾಜು ಸೇರಿಸುತ್ತಾ, ಎದುರು ದಿಕ್ಕಿಗೆ ಹೋದರೆ ಮೈನಸ್ ಸೇರಿಸುತ್ತಾ, ಪಾಪೆ ಒಮ್ಮೆಗೇ ತುಂಬಿ ಬೆಳಗುವವರೆಗೆ ಮುಂದುವರಿಯುತ್ತಾರೆ. ಪರೀಕ್ಷಿಸುವವರು 67 ಸೆಂ.ಮೀ. ದೂರದಲ್ಲಿದ್ದರೆ ಬಂದ ಅಂಕಿಯಿಂದ 1.50 ಕಳೆಯಬೇಕು, 50 ಸೆಂ.ಮೀ. ಆದರೆ 2.00. ಎಮೆಟ್ರೋಪಿಕ್ ಕಣ್ಣು 67 ಸೆಂ.ಮೀ.ನಲ್ಲಿ +1.50 ಗಾಜಿಗೇ ತುಂಬಿ ಬೆಳಗುತ್ತದೆ. ಕಲಿಯುವ ಆಪ್ಟೋಮೆಟ್ರಿ ವಿದ್ಯಾರ್ಥಿಗಳು ಎಡವುವುದು ಇಲ್ಲಿ: ತಿಳಿಯದೆ ಮುಂದಕ್ಕೆ ಬಾಗಿ 50 ಸೆಂ.ಮೀ.ಗೆ ಬಂದಿರುತ್ತಾರೆ, ಕಳೆಯುವುದು 1.50. ಸೊನ್ನೆ ಇದ್ದ ಕಣ್ಣು +0.50 ಆಗಿಬಿಡುತ್ತದೆ. ದಾರ ಅಥವಾ ಟೇಪು ಹಿಡಿದು ದೂರ ನೋಡಿಕೊಳ್ಳುವುದರಲ್ಲಿ ಅವಮಾನವೇನಿಲ್ಲ.

ಚೀಟಿ ಓದುವುದು

−0.50 ಮತ್ತು +0.50 ನಡುವೆ ಇದ್ದು ಸಿಲಿಂಡರ್ (ಅಸ್ಟಿಗ್ಮಾಟಿಸಂನ ಅಂಕಿ) ಇಲ್ಲದಿದ್ದರೆ ಎಮೆಟ್ರೋಪಿಯಾ ಎಂದೇ ಲೆಕ್ಕ. −0.50 ಮುಟ್ಟಿದರೆ ಸಮೀಪದೃಷ್ಟಿ ಶುರುವಾಯಿತೆಂದು ಭಾವಿಸುತ್ತಾರೆ. ‘ಪ್ಲೇನೋ’ ಎಂದರೆ ಸೊನ್ನೆ.

ಮೋಸ ಹೋಗುವುದು ಸರಾಸರಿಯಲ್ಲಿ. ಗೋಳದ ಅಂಕಿಗೆ (ಚೀಟಿಯ ಮೊದಲ ಅಂಕಿಗೆ) ಸಿಲಿಂಡರಿನ ಅರ್ಧ ಕೂಡಿಸಿದರೆ ಸರಾಸರಿ ಪವರ್ ಸಿಗುತ್ತದೆ. ಚೀಟಿಯಲ್ಲಿ +0.50, ಸಿಲಿಂಡರ್ −1.00, ಆಕ್ಸಿಸ್ (ಸಿಲಿಂಡರಿನ ದಿಕ್ಕು) 180 ಎಂದಿದೆ ಎನ್ನಿ. ಸರಾಸರಿ ನಿಖರವಾಗಿ ಸೊನ್ನೆ. ಆದರೆ ಆ ಕಣ್ಣಿನ ಒಂದು ದಿಕ್ಕು +0.50, ಅದಕ್ಕೆ ಅಡ್ಡದ ದಿಕ್ಕು −0.50. ಅಕ್ಷರ ಎಲ್ಲೂ ಪೂರ್ತಿ ಕೂಡುವುದಿಲ್ಲ. ಇದು ಎಮೆಟ್ರೋಪಿಯಾ ಅಲ್ಲ, ಮಿಶ್ರ ಅಸ್ಟಿಗ್ಮಾಟಿಸಂ. ಹಾಗಾಗಿ ಚೀಟಿಯ ಮೂರೂ ಅಂಕಿಗಳನ್ನು ನೋಡಿ.

ಇನ್ನು ಆರು ವರ್ಷದ ಮಗುವಿನ ಸೊನ್ನೆ. ಆ ವಯಸ್ಸಿಗೆ ಡ್ರಾಪ್ಸ್ ಹಾಕಿ ನೋಡಿದಾಗ +0.75 ಅಥವಾ ಅದಕ್ಕಿಂತ ಹೆಚ್ಚು ಇರಬೇಕು. ಬೆಳೆಯುವ ಕಣ್ಣಿಗೆ ಅದು ಕೂಡಿಟ್ಟ ಗಂಟಿನ ಹಾಗೆ, ಗುಡ್ಡೆ ಉದ್ದವಾದಷ್ಟೂ ಖರ್ಚಾಗುತ್ತದೆ. ಆಗಲೇ ಸೊನ್ನೆಗೆ ಬಂದಿದ್ದರೆ, ಅದರಲ್ಲೂ ತಂದೆ ತಾಯಿಗೆ ಮೈನಸ್ ಇದ್ದರೆ, ಮುಂದಿನ ಕೆಲವು ವರ್ಷಗಳಲ್ಲಿ ಸಮೀಪದೃಷ್ಟಿ ಬರುವ ಸಂಭವ ಜಾಸ್ತಿ. ಇಂಥ ಮಗುವಿಗೆ ಕನ್ನಡಕ ಬೇಡ, ಎಚ್ಚರ ಬೇಕು: ದಿನಕ್ಕೆ ಎರಡು ಗಂಟೆ ಹಗಲ ಬೆಳಕಿನಲ್ಲಿ ಹೊರಗೆ ಆಟ, ಪುಸ್ತಕ ಮತ್ತು ಮೊಬೈಲ್ 30 ಸೆಂ.ಮೀ.ಗಿಂತ ಹತ್ತಿರ ಬರದಂತೆ ನೋಡಿಕೊಳ್ಳುವುದು, ಆರು ತಿಂಗಳಿಗೊಮ್ಮೆ ಮರುಪರೀಕ್ಷೆ. ಹೊರಗಿನ ಬೆಳಕಿನ ಎದುರು ಮನೆಯ ಟ್ಯೂಬ್‌ಲೈಟ್ ಏನೂ ಅಲ್ಲ, ವರಾಂಡದಲ್ಲಿ ಕೂರಿಸಿದರೂ ಒಳಗಿಗಿಂತ ಲಾಭವೇ.

ನಲವತ್ತರ ನಂತರ

ಎಮೆಟ್ರೋಪಿಕ್ ಕಣ್ಣಿಗೂ ಚಾಳೀಸು ತಪ್ಪಿದ್ದಲ್ಲ. 40 ಸೆಂ.ಮೀ.ನಲ್ಲಿ ಓದಲು 2.50 ಡಯಾಪ್ಟರ್ ಬೇಕು, ಮಸೂರ ಗಟ್ಟಿಯಾದಂತೆ ಅಷ್ಟು ಉಬ್ಬಲಾರದು. ನಲವತ್ತೈದರ ಹೊತ್ತಿಗೆ +1.00 ಇಂದ +1.50, ಐವತ್ತಕ್ಕೆ +2.00ರ ಸುತ್ತ ಬೇಕಾಗುತ್ತದೆ. ಅರವತ್ತು ದಾಟಿದವರು ಕನ್ನಡಕವಿಲ್ಲದೆ ಪೇಪರ್ ಓದಿದರೆ ಮನೆಯವರು ಹೆಮ್ಮೆಪಡುತ್ತಾರೆ. ಆ ಕಣ್ಣು ಸಾಮಾನ್ಯವಾಗಿ ಎಮೆಟ್ರೋಪಿಕ್ ಅಲ್ಲ, ಕನಿಷ್ಠ ಒಂದಕ್ಕೆ −2.00, −2.50 ಇರುತ್ತದೆ. ಮೊದಲು ಓದಲಾಗದಿದ್ದವರಿಗೆ ಇತ್ತೀಚೆಗೆ ಹತ್ತಿರದ್ದು ತಾನಾಗಿ ಕಾಣತೊಡಗಿದ್ದರೆ ಪೊರೆ ಗಟ್ಟಿಯಾಗುತ್ತಿರುವ ಸೂಚನೆ ಅದು. ಸಂತೋಷಪಡುವ ಮೊದಲು ಒಮ್ಮೆ ತೋರಿಸಿ.

ಪೊರೆಯ ಆಪರೇಷನ್‌ನಲ್ಲಿ ಹಾಕುವ ಮಾಮೂಲಿ ಲೆನ್ಸನ್ನು ಹೆಚ್ಚಾಗಿ ದೂರಕ್ಕೆ ಸೊನ್ನೆ ಬರುವಂತೆ ಲೆಕ್ಕ ಹಾಕುತ್ತಾರೆ. ಅಲ್ಲಿವರೆಗೆ ಬರಿಗಣ್ಣಿನಲ್ಲಿ ಓದುತ್ತಿದ್ದವರಿಗೆ ಆಮೇಲೆ ಓದುವ ಕನ್ನಡಕ ಬೇಕಾಗುತ್ತದೆ. ಹೊಲಿಗೆ, ಓದು, ಅಕ್ಕಿ ಆರಿಸುವಂಥ ಹತ್ತಿರದ ಕೆಲಸವೇ ಮುಖ್ಯವಾಗಿದ್ದರೆ ಆಪರೇಷನ್‌ಗೆ ಮೊದಲೇ ಹೇಳಿ, ಲೆನ್ಸ್ ಆಯ್ಕೆಯನ್ನು ಅದಕ್ಕೆ ತಕ್ಕಂತೆ ಬದಲಿಸಬಹುದು.

ಪವರ್ ಸೊನ್ನೆ ಎಂದಮಾತ್ರಕ್ಕೆ ಕಣ್ಣಿಗೆ ರೋಗವಿಲ್ಲ ಎಂದಲ್ಲ. ಕಣ್ಣಿನ ನರವನ್ನು ಹಾಳುಮಾಡುವ ಗ್ಲಾಕೋಮಾದಲ್ಲೂ ಸಕ್ಕರೆ ಕಾಯಿಲೆಯ ರೆಟಿನಾ ತೊಂದರೆಯಲ್ಲೂ 6/6 ಬಹುಕಾಲ ಉಳಿಯಬಲ್ಲದು. ಸಕ್ಕರೆ ಕಾಯಿಲೆ ಇರುವವರು ಚಾರ್ಟಿನಲ್ಲಿ ಏನೇ ಬರಲಿ, ವರ್ಷಕ್ಕೊಮ್ಮೆ ಪಾಪೆ ಹಿಗ್ಗಿಸಿ ರೆಟಿನಾ ನೋಡಿಸಿಕೊಳ್ಳಬೇಕು. ಮಗುವಿನ ಫ್ಲಾಶ್ ಫೋಟೋದಲ್ಲಿ ಒಂದು ಪಾಪೆ ಕೆಂಪಾಗಿ ಇನ್ನೊಂದು ಬೆಳ್ಳಗೆ ಹೊಳೆದರೆ, ಹೊಸದಾಗಿ ಕಣ್ಣು ವಾಲಿದರೆ, ದಿಢೀರನೆ ಮಂಜಾದರೆ ಮೇಲಿನ ಯಾವ ಪರೀಕ್ಷೆಗೂ ಕೂರಬೇಡಿ, ಅಂದೇ ಕಣ್ಣಾಸ್ಪತ್ರೆಗೆ ಹೊರಡಿ.